ಕಾಣದಿದ್ದರೆ ಹಣ ವಾಪಸು

ನಮ್ಮ ಸಂಘದ ಪ್ರವಾಸ ಸಮಿತಿಯವರು ಈ ಬೇಸಿಗೆಗೆ ಕರಾವಳಿ ಪ್ರವಾಸವೊಂದನ್ನು ಗೊತ್ತುಮಾಡಿದ್ದಾರೆ. ಮುರ್ಡೇಶ್ವರ, ಇಡಗುಂಜಿ, ಗೋಕರ್ಣ, ಕಾರವಾರ. ಒಟ್ಟು ಐದು ದಿನ. ಬಹಳ ಸಂತೋಷ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡನಾಡಿಗೆ ಒಂದು ಕಡಲೂ ಉಂಟು ಎಂಬುದು ನಕಾಶೆಯಿಂದ ಮಾತ್ರ ಗೊತ್ತು. ಮಕ್ಕಳ ಮಾತೇಕೆ? ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮನೆತನಗಳು ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದವು. 1956ರವರೆಗೆ ಆ ಊರುಗಳಿಗೆಲ್ಲ ರಾಜಧಾನಿ ಇದೇ ಹೈದರಾಬಾದು. ನಮ್ಮ ಹಿರಿಯರಿಗೆ ಸಾಗರವೆಂದರೆ ಹುಸೇನ್ ಸಾಗರ. ಹೀಗಿರುವಾಗ ಪ್ರವಾಸದ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ಕಾರ್ಯಕ್ರಮ ಪಟ್ಟಿಯ ನಾಲ್ಕನೆಯ ದಿನದ ಒಂದು ಸಾಲಿನ ಮೇಲೆ. ಆ ಸಾಲು ಹೀಗಿದೆ: “ಬೆಳಿಗ್ಗೆ 7ಕ್ಕೆ ಮೋಟಾರು ದೋಣಿಯಲ್ಲಿ ತಿಮಿಂಗಿಲ ಹಾಗೂ ಡಾಲ್ಫಿನ್ ವೀಕ್ಷಣೆ. ಕಾಣದಿದ್ದರೆ ಹಣ ವಾಪಸು.”

ಈ ಸಾಲನ್ನು ಪಟ್ಟಿಯಿಂದ ಹೊಡೆದುಹಾಕಬೇಕು ಎಂಬುದು ನನ್ನ ವಾದ. ಕಾರಣಗಳನ್ನು ಹೇಳುತ್ತೇನೆ. ಸಮಿತಿಯ ಮಿತ್ರರು ಬೇಸರಪಟ್ಟುಕೊಳ್ಳಬಾರದು.

ಮೊದಲಿಗೆ ತಿಮಿಂಗಿಲದ ವಿಷಯ ಮುಗಿಸಿಬಿಡೋಣ. ಅರಬ್ಬೀ ಸಮುದ್ರದಲ್ಲಿ ತಿಮಿಂಗಿಲಗಳಿವೆ, ನಿಜ. ನೀಲಿ ತಿಮಿಂಗಿಲವೂ ಉಂಟು. ಆದರೆ ಕಾರವಾರದ ದಡದಿಂದ ಒಂದು ತಾಸು ಹೋಗಿ ಬರುವ ಪುಟ್ಟ ದೋಣಿಯಲ್ಲಿ ಕೂತವರಿಗೆ ಅದನ್ನು ತೋರಿಸುತ್ತೇನೆಂದು ಯಾರೂ ಮಾತು ಕೊಡಲಾರರು. ತಿಮಿಂಗಿಲವೆಂಬ ಪದ ಅಲ್ಲಿ ಜಾಹೀರಾತಿನ ಒಗ್ಗರಣೆ, ಅಷ್ಟೆ. ನಿಜವಾಗಿ ತಿಮಿಂಗಿಲ ನೋಡಲು ಜನ ಹೋಗುವುದು ಶ್ರೀಲಂಕೆಯ ಮಿರಿಸ್ಸಕ್ಕೆ. ನಮ್ಮ ಬಡಾವಣೆಗಳಿಂದಲೂ ಈಚೆಗೆ ಕೆಲವರು ವಿಮಾನ ಹತ್ತುತ್ತಿದ್ದಾರೆ. ಅಲ್ಲಿ 2012ರಲ್ಲಿ ಸರ್ಕಾರ ನಿಯಮ ಮಾಡಿ ತಿಮಿಂಗಿಲದಿಂದ 100 ಮೀಟರು ದೂರ ಇರಬೇಕೆಂದು ಹೇಳಬೇಕಾಯಿತು. ದೋಣಿಗಳು ಅಷ್ಟು ಹತ್ತಿರ ನುಗ್ಗುತ್ತಿದ್ದುದರಿಂದಲೇ ಅಲ್ಲವೇ ಅಂಥ ನಿಯಮ ಬೇಕಾದದ್ದು?

ಇನ್ನು ಡಾಲ್ಫಿನ್. ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡೆ, ಹಾಗೆಯೇ ಗೋವೆಯಲ್ಲಿ ದೋಣಿಯವರು ಸಾಮಾನ್ಯವಾಗಿ ತೋರಿಸುವುದು ಬೆನ್ನ ಮೇಲೆ ಗೂನು ಇರುವ ಒಂದು ಜಾತಿಯನ್ನು. ಗೂನು ಬೆನ್ನಿನ ಡಾಲ್ಫಿನ್ ಎಂದೇ ಅದರ ಹೆಸರು. ಇದು ಮೀನಲ್ಲ, ನಮ್ಮಂತೆ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ಆಳವಾದ ಕಡಲಿಗೆ ಇದು ಹೋಗುವುದಿಲ್ಲ. ದಡಕ್ಕೆ ಅಂಟಿಕೊಂಡಂತೆ, ಹೆಚ್ಚೆಂದರೆ 25 ಮೀಟರಿನಷ್ಟು ಆಳದ ನೀರಿನಲ್ಲಿ, ನದಿ ಸಮುದ್ರ ಸೇರುವ ಅಳಿವೆಗಳ ಆಸುಪಾಸಿನಲ್ಲಿ ಬದುಕುತ್ತದೆ. ಮೀನಿನ ಹಿಂಡು ಅಲ್ಲಿ ಸಿಗುತ್ತದೆಂಬುದೇ ಕಾರಣ. ಒಂದು ಸಲಕ್ಕೆ ಒಂದೇ ಮರಿ. ಗರ್ಭದಲ್ಲಿ ಒಂದು ವರ್ಷದ ಹತ್ತಿರ. ಮುಂದಿನ ಮರಿಗೆ ಮತ್ತೆ ಕೆಲವು ವರ್ಷ. ಹೀಗೆ ನಿಧಾನವಾಗಿ ಹೆಚ್ಚುವ ಜಾತಿ ಬೇಗನೆ ಕಡಿಮೆಯಾಗಬಲ್ಲದು. ಅಂತರರಾಷ್ಟ್ರೀಯ ಸಂಸ್ಥೆಗಳು ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿವೆ.

ದಡಕ್ಕೆ ಹತ್ತಿರವಿರುವುದೇ ಇದರ ದುರದೃಷ್ಟ. ಬಂದರು ಇದರ ಮನೆಯಲ್ಲೇ, ಕಾರ್ಖಾನೆಯ ಕೊಳೆ ಇದರ ಅಂಗಳಕ್ಕೇ, ಬಲೆ ಇದರ ಬಾಗಿಲಲ್ಲೇ. ಈಗ ಪ್ರವಾಸಿಗರೂ ಇದರ ಅಡುಗೆಮನೆಗೇ ಬಂದಿದ್ದೇವೆ.

“ನೋಡಿದರೆ ಏನು ಸವೆಯುತ್ತದೆ?” ಎಂದು ಕೇಳುವವರಿದ್ದಾರೆ. ನೋಡಿದರೆ ಏನೂ ಸವೆಯುವುದಿಲ್ಲ. ಆದರೆ “ಕಾಣದಿದ್ದರೆ ಹಣ ವಾಪಸು” ಎಂದ ಕ್ಷಣದಿಂದ ಅದು ನೋಡುವ ವ್ಯವಹಾರವಾಗಿ ಉಳಿಯುವುದಿಲ್ಲ. ದೋಣಿಯವನ ಸ್ಥಾನದಲ್ಲಿ ನಿಂತು ಯೋಚಿಸಿ. ಡೀಸೆಲಿನ ಖರ್ಚು ಅವನದು. ಒಂದು ತಾಸಿನೊಳಗೆ ಪ್ರಾಣಿ ಕಾಣಿಸದಿದ್ದರೆ ದಿನದ ಕೂಲಿಯೂ ಹೋಯಿತು, ಎಣ್ಣೆಯ ದುಡ್ಡೂ ಹೋಯಿತು. ಕಂಡರೂ ಸಾಲದು, ದೂರದಲ್ಲಿ ಕರಿಯ ಬೆನ್ನೊಂದು ಮುಳುಗಿದ್ದನ್ನು ಕಂಡು ತೃಪ್ತರಾಗುವ ಪ್ರವಾಸಿಗರು ಕಡಿಮೆ. “ಹತ್ತಿರ ಹೋಗಪ್ಪ, ಮೊಬೈಲಿನಲ್ಲಿ ಬರಲಿಲ್ಲ” ಎನ್ನುತ್ತಾರೆ. ಅವನು ಹತ್ತಿರ ಹೋಗುತ್ತಾನೆ. ಪ್ರಾಣಿ ಮುಳುಗುತ್ತದೆ. ಅದು ಏಳುವ ದಿಕ್ಕನ್ನು ಅಂದಾಜು ಮಾಡಿ ಅಡ್ಡಗಟ್ಟುತ್ತಾನೆ. ಇದನ್ನು ಕಂಡ ಇನ್ನೊಂದು ದೋಣಿಯೂ ಇತ್ತಲೇ ತಿರುಗುತ್ತದೆ.

ಕೆಲವು ವರ್ಷಗಳ ಹಿಂದೆ ಉತ್ತರ ಕನ್ನಡದ ಒಂದೂರಿನಲ್ಲಿ, ಕಡಲಿಗೆ ಚಾಚಿದ ಗುಡ್ಡದ ನೆತ್ತಿಯಲ್ಲಿ ಕೂತು ಇದನ್ನು ನಾನು ಪೂರ್ತಿಯಾಗಿ ನೋಡಿದ್ದೇನೆ. ಮೇಲಿನಿಂದ ನೋಡಿದರೆ ದೋಣಿಯಲ್ಲಿ ಕೂತವರಿಗೆ ಕಾಣದ್ದು ಕಾಣುತ್ತದೆ. ಮೂರು ಪ್ರಾಣಿಗಳಿದ್ದವು, ಒಂದು ಚಿಕ್ಕದು, ದೊಡ್ಡದರ ಪಕ್ಕೆಗೆ ಅಂಟಿಕೊಂಡಂತೆ ಸಾಗುತ್ತಿತ್ತು. ಆರಾಮವಾಗಿ ಅಳಿವೆಯ ಬಾಯಿಯಲ್ಲಿ ಸುತ್ತುತ್ತಿದ್ದವು. ಮೊದಲು ಒಂದು ದೋಣಿ ಬಂತು. ಹತ್ತು ನಿಮಿಷದಲ್ಲಿ ಐದಾದವು. ಕುರಿ ದೊಡ್ಡಿಗೆ ಹೊಡೆಯುವಾಗ ನಾಲ್ಕೂ ಕಡೆ ನಿಲ್ಲುತ್ತಾರಲ್ಲ, ಹಾಗೆ. ಪ್ರಾಣಿಗಳು ಒಂದಕ್ಕೊಂದು ಒತ್ತಿಕೊಂಡವು. ಮುಳುಗಿದರೆ ಏಳುವುದು ತಡವಾಗತೊಡಗಿತು. ಎದ್ದಲ್ಲೆಲ್ಲ ಮೋಟಾರಿನ ಸದ್ದು, ಜನರ ಕೇಕೆ. ಕೊನೆಗೆ ಅವು ಕಾಣದಾದವು. ದೋಣಿಗಳು ಗೆದ್ದ ಸಂಭ್ರಮದಲ್ಲಿ ದಡಕ್ಕೆ ತಿರುಗಿದವು. ಆಮೇಲೆ ಚಹದಂಗಡಿಯಲ್ಲಿ ಸಿಕ್ಕ ಒಬ್ಬ ದೋಣಿಯವನನ್ನು ಕೇಳಿದೆ, ಅಷ್ಟೊಂದು ಬೆನ್ನುಹತ್ತುವುದೇಕೆ ಎಂದು. ಅವನು ಮುಚ್ಚುಮರೆಯಿಲ್ಲದೆ ಹೇಳಿದ: “ಕಾಣ್ಲಿಲ್ಲಾ ಅಂದ್ರೆ ನೀವು ದುಡ್ಡು ಕೊಡೂದಿಲ್ಲ. ಡೀಸೆಲ್ಲು ನಾನು ಹಾಕೂದೇ ಅಲ್ವಾ ಮಾರಾಯ್ರೆ?”

ಅವನ ಮಾತಿನಲ್ಲಿ ಸುಳ್ಳಿಲ್ಲ. ಬೆನ್ನಟ್ಟುವವನು ಅವನಾದರೂ ಬೆನ್ನಟ್ಟಿಸುವವರು ಟಿಕೇಟು ಕೊಂಡವರು.

ಬೆನ್ನಟ್ಟಿದರೆ ಆಗುವುದೇನು ಎಂಬುದನ್ನು ತಿಳಿದವರು ಅಳೆದು ನೋಡಿದ್ದಾರೆ. ಈ ಪ್ರಾಣಿಗೆ ಕಣ್ಣಿಗಿಂತ ಕಿವಿ ಮುಖ್ಯ. ಕೆಸರು ನೀರಿನಲ್ಲಿ ತಾನೇ ಸದ್ದು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಮೀನೆಲ್ಲಿ, ಬಂಡೆಯೆಲ್ಲಿ ಎಂದು ತಿಳಿಯುತ್ತದೆ. ತಾಯಿ ಮರಿಯನ್ನು ಕರೆಯುವುದೂ ಸದ್ದಿನಿಂದಲೇ. ಮೋಟಾರಿನ ಗದ್ದಲದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ತಿನ್ನುವ ಹೊತ್ತು, ಮಲಗುವ ಹೊತ್ತು, ಹಾಲೂಡಿಸುವ ಹೊತ್ತು ಓಡುವುದರಲ್ಲಿ ಕಳೆಯುತ್ತದೆ. ಒಂದು ದಿನ ಹೀಗಾದರೆ ಚಿಂತೆಯಿಲ್ಲ. ಮಳೆಗಾಲ ಬಿಟ್ಟು ಉಳಿದ ಎಲ್ಲ ತಿಂಗಳು, ದಿನಕ್ಕೆ ಹತ್ತಾರು ಸಲ, ಅದೇ ಕೆಲವು ಪ್ರಾಣಿಗಳ ಮೇಲೆ ಹೀಗಾದರೆ?

ಆಸ್ಟ್ರೇಲಿಯದ ಪಶ್ಚಿಮ ತೀರದಲ್ಲಿ ಶಾರ್ಕ್ ಬೇ ಎಂಬ ಕೊಲ್ಲಿಯಿದೆ. ಅಲ್ಲಿಯ ಡಾಲ್ಫಿನ್‌ಗಳನ್ನು ಹಲವು ವರ್ಷ ಒಂದೊಂದಾಗಿ ಗುರುತಿಟ್ಟುಕೊಂಡು ನೋಡಿದವರ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಪ್ರವಾಸಿಗರನ್ನು ಕರೆದೊಯ್ಯುವವರು ಮೊದಲು ಒಬ್ಬರಿದ್ದರು, ಆಮೇಲೆ ಇಬ್ಬರಾದರು. ಗಮನಿಸಿ, ಇಪ್ಪತ್ತಲ್ಲ, ಎರಡು. ಎರಡನೆಯವರು ಬಂದ ಮೇಲೆ ಆ ಭಾಗದಲ್ಲಿ ಡಾಲ್ಫಿನ್‌ಗಳ ಸಂಖ್ಯೆ ಸುಮಾರು ಏಳರಲ್ಲಿ ಒಂದು ಪಾಲು ಇಳಿಯಿತು. ಪಕ್ಕದಲ್ಲೇ, ಪ್ರವಾಸಿ ದೋಣಿ ಹೋಗದ ಭಾಗದಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಲೆಕ್ಕ ನೋಡಿದ ಸರ್ಕಾರ ಎರಡು ಪರವಾನಗಿಗಳನ್ನು ಒಂದಕ್ಕೆ ಇಳಿಸಿತು. ಈ ವರದಿಯಲ್ಲಿ ಇನ್ನೊಂದು ಮಾತು ಬಹಳ ಮುಖ್ಯ. ಹಿಂಸೆ ಸಹಿಸಲಾರದ ಪ್ರಾಣಿಗಳು ಜಾಗ ಬಿಟ್ಟು ಹೋಗುತ್ತವೆ, ಸಹಿಸುವಂಥವು ಮಾತ್ರ ಉಳಿಯುತ್ತವೆ. ಉಳಿದವನ್ನು ನೋಡಿ ನಾವು “ಅವಕ್ಕೆ ಅಭ್ಯಾಸವಾಗಿದೆ, ಏನೂ ತೊಂದರೆಯಿಲ್ಲ” ಎಂದುಕೊಳ್ಳುತ್ತೇವೆ. ಗೋವೆಗೆ ಹೋಗಿಬಂದ ನಮ್ಮ ಮಿತ್ರರು ಹೇಳುವುದೂ ಅಕ್ಷರಶಃ ಇದನ್ನೇ.

ಶಾರ್ಕ್ ಬೇಯಲ್ಲಿ ಡಾಲ್ಫಿನ್‌ಗಳು ಸಾವಿರಗಳ ಲೆಕ್ಕದಲ್ಲಿವೆ. ನಮ್ಮವರು ಪುರಿ ಜಗನ್ನಾಥನ ದರ್ಶನ ಮುಗಿಸಿ ಹೋಗುವ ಚಿಲ್ಕಾ ಸರೋವರದ ಸಾತಪಡದಲ್ಲಿ ಇರಾವದಿ ಡಾಲ್ಫಿನ್‌ಗಳಿವೆಯಲ್ಲ, ಅವು ಇಡೀ ಸರೋವರಕ್ಕೆ ಸೇರಿ ನೂರೈವತ್ತರ ಆಸುಪಾಸು. ಅಷ್ಟರ ಮೇಲೆ ಎಷ್ಟು ದೋಣಿಗಳು ಓಡುತ್ತವೆಂಬುದನ್ನು ಹೋಗಿಬಂದವರೇ ಹೇಳಲಿ.

ನಮ್ಮ ದೇಶದಲ್ಲಿ ಕಾನೂನಿಲ್ಲವೇ? ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲೇ, ಡಾಲ್ಫಿನ್ ತಿಮಿಂಗಿಲಗಳಿವೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯೆಂದರೆ ಕೊಲ್ಲುವುದೊಂದೇ ಅಲ್ಲ; ಹಿಡಿಯುವುದು, ಬೆನ್ನಟ್ಟುವುದು, ಅಟ್ಟುವುದು, ಆಮಿಷವೊಡ್ಡುವುದು ಎಲ್ಲವೂ ಬೇಟೆಯೇ. ನಾಗರಹೊಳೆಯಲ್ಲಿ ಐದು ಜೀಪುಗಳು ಮರಿಯಿರುವ ಹುಲಿಯನ್ನು ಸುತ್ತುಗಟ್ಟಿ ಓಡಿಸಿದರೆ ಪತ್ರಿಕೆಗಳಲ್ಲಿ ಗದ್ದಲವಾಗುತ್ತದೆ. ಕಡಲಲ್ಲಿ ಅದೇ ಕೆಲಸಕ್ಕೆ ನಾವು ತಲೆಗಿಷ್ಟು ಎಂದು ರಸೀತಿ ಪಡೆಯುತ್ತೇವೆ. 2009ರಲ್ಲಿ ಗಂಗಾ ನದಿಯ ಡಾಲ್ಫಿನ್ ರಾಷ್ಟ್ರೀಯ ಜಲಚರವಾಯಿತು. 2013ರಲ್ಲಿ ಕೇಂದ್ರ ಸರ್ಕಾರ, ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಆಟವಾಡಿಸುವ ಪ್ರದರ್ಶನಾಲಯಗಳಿಗೆ ಅನುಮತಿಯಿಲ್ಲವೆಂದು ರಾಜ್ಯಗಳಿಗೆ ತಿಳಿಸಿತು. ಅದಕ್ಕೂ ಮುಂಚೆ, 1998ರಲ್ಲಿ, ಮದರಾಸಿನ ಹತ್ತಿರ ಬಲ್ಗೇರಿಯದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದವು. 2020ರ ಸ್ವಾತಂತ್ರ್ಯ ದಿನದಂದು ಪ್ರಧಾನಿಯವರು ಕೆಂಪುಕೋಟೆಯಿಂದಲೇ ಡಾಲ್ಫಿನ್ ಯೋಜನೆಯನ್ನು ಸಾರಿದರು. ಇಷ್ಟೆಲ್ಲ ಆದ ಮೇಲೂ ಬೆಳಗಿನ ಏಳು ಗಂಟೆಯ ಮೋಟಾರು ದೋಣಿಗೆ ಕಡಿವಾಣವಿಲ್ಲ.

ಹೀಗೆಂದಮಾತ್ರಕ್ಕೆ ದೋಣಿಯವರ ಮೇಲೆ ಮೊಕದ್ದಮೆ ಹೂಡಿ ಎಂದು ನಾನು ಹೇಳುತ್ತಿಲ್ಲ. ಆ ಜನರ ಕಷ್ಟ ನಮ್ಮಂಥ ಸಂಬಳಗಾರರಿಗೆ ಅರ್ಥವಾಗುವುದು ಕಠಿಣ. ಕಾರವಾರದ ಸುತ್ತಿನ ಎಷ್ಟೋ ಮೀನುಗಾರ ಕುಟುಂಬಗಳು ಸೀಬರ್ಡ್ ನೌಕಾನೆಲೆಗಾಗಿ ಊರು, ದಡ ಎರಡನ್ನೂ ಬಿಟ್ಟವು. ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಂತ್ರದೋಣಿಗಳಿಗೆ ಮೀನುಗಾರಿಕೆ ನಿಷೇಧ. ಉಳಿದ ದಿನಗಳಲ್ಲೂ ಬಲೆಗೆ ಬೀಳುವುದು ಖಾತ್ರಿಯಿಲ್ಲ. ಅಂಥವನಿಗೆ ಬೇಸಿಗೆಯ ಪ್ರವಾಸಿ ಬಂದು ಒಂದು ತಾಸಿಗೆ ಸಾವಿರಾರು ರೂಪಾಯಿ ಕೊಟ್ಟರೆ ಬೇಡವೆನ್ನುತ್ತಾನೆಯೇ? ಬೇಡವೆನ್ನಬಾರದು ಕೂಡ. ಪ್ರಾಣಿಗಳಿಗೆ ಪ್ರವಾಸಿಗಿಂತ ದೊಡ್ಡ ಶತ್ರು ಬಲೆ ಎಂಬುದೂ ನಿಜ; ಗೋಡೆಯಂತೆ ನೀರಿನಲ್ಲಿ ಇಳಿಬಿಟ್ಟ ಬಲೆಗೆ ಸಿಕ್ಕಿ, ಮೇಲೆ ಬಂದು ಉಸಿರೆಳೆಯಲಾರದೆ ಸಾಯುವ ಡಾಲ್ಫಿನ್‌ಗಳ ಸಂಖ್ಯೆ ಬಹಳ. ಆದರೆ ಬಲೆ ಹಾಕುವವನು ಹೊಟ್ಟೆಪಾಡಿಗೆ ಹಾಕುತ್ತಾನೆ, ಅವನಿಗೆ ಬೇಕಾದದ್ದು ಬೇರೆ ಮೀನು. ಅದನ್ನು ತೋರಿಸಿ ನಮ್ಮ ವಿನೋದವನ್ನು ಸಮರ್ಥಿಸಿಕೊಳ್ಳುವುದು ಯಾವ ನ್ಯಾಯ? ದೊಡ್ಡ ಕಳ್ಳನಿದ್ದಾನೆಂದು ಸಣ್ಣ ಕಳ್ಳ ವಾದಿಸಿದ ಹಾಗಾಯಿತು.

ಡಾಲ್ಫಿನ್‌ನ ಮಾತು ಕೇಳಿ ಕೆಲವರು ನಗಬಹುದು. “ಮನುಷ್ಯರಿಗೇ ದಿಕ್ಕಿಲ್ಲ, ಇವರಿಗೆ ಮೀನಿನ ಚಿಂತೆ” ಎನ್ನಬಹುದು. ಹಾಗಾದರೆ ಮನುಷ್ಯರ ಮಾತನ್ನೇ ಆಡೋಣ. ಕಾರವಾರದ ಎದುರಿಗೆ ಕೂರ್ಮಗಡವೆಂಬ ನಡುಗಡ್ಡೆಯಿದೆ. ಡಾಲ್ಫಿನ್ ತೋರಿಸುವ ದೋಣಿಗಳು ಓಡಾಡುವುದು ಆ ನೀರಿನಲ್ಲೇ. 2019ರ ಜನವರಿ 21ರಂದು ಅಲ್ಲಿಯ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಘಟ್ಟದ ಮೇಲಿನ ಹಾವೇರಿ ಜಿಲ್ಲೆಯಿಂದ ಬಂದವರೂ ಇದ್ದರು, ಎಂದರೆ ನಮ್ಮ ಹಾಗೆ ಕಡಲಿನ ರೀತಿ ತಿಳಿಯದವರು. ಅದೇ ವರ್ಷ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ, ಪಾಪಿಕೊಂಡಲು ನೋಡಲು ಹೊರಟ ದೋಣಿ ಕಚ್ಚುಲೂರಿನ ಬಳಿ ಮುಳುಗಿತು. ಅದರಲ್ಲಿ ನಮ್ಮ ಹೈದರಾಬಾದಿನವರೂ, ವಾರಂಗಲ್ಲಿನವರೂ ಇದ್ದರು. 2023ರ ಮೇ 7ರಂದು, ಸರಿಯಾಗಿ ಬೇಸಿಗೆ ರಜೆಯಲ್ಲಿ, ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಸತ್ತರು, ಅನೇಕರು ಮಕ್ಕಳು. ಅದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದು. ದೂರವೇಕೆ, ನಿಂತ ನೀರಿನ ನಮ್ಮ ಹುಸೇನ್ ಸಾಗರದಲ್ಲೇ 1990ರಲ್ಲಿ ಬುದ್ಧನ ಪ್ರತಿಮೆ ಹೊತ್ತ ತೆಪ್ಪ ಮುಳುಗಿ ಜೀವಹಾನಿಯಾದದ್ದು ಹಿರಿಯ ಸದಸ್ಯರಿಗೆ ನೆನಪಿದ್ದೀತು.

ಡಾಲ್ಫಿನ್ ನೋಡುವ ದೋಣಿಯಲ್ಲಿ ಅಪಾಯ ಇನ್ನೂ ಒಂದು ಕೈ ಹೆಚ್ಚು. ಜಾತ್ರೆಗೆ ಹೋಗುವವರು ಕೂತಲ್ಲಿ ಕೂತಿರುತ್ತಾರೆ. ಇಲ್ಲಿ “ಅಗೋ ಅಲ್ಲಿ!” ಎಂದು ಒಬ್ಬರು ಕೂಗಿದರೆ ಎಲ್ಲರೂ ಎದ್ದು ಒಂದೇ ಪಕ್ಕಕ್ಕೆ ವಾಲುತ್ತಾರೆ. ದೋಣಿಯವನ ಕಣ್ಣು ಅಲೆಯ ಮೇಲಿರುವುದಿಲ್ಲ, ಪ್ರಾಣಿಯ ಮೇಲಿರುತ್ತದೆ. ಪಕ್ಕದಲ್ಲಿ ಇನ್ನೂ ನಾಲ್ಕು ದೋಣಿಗಳು ಅದೇ ಜಾಗಕ್ಕೆ ನುಗ್ಗುತ್ತಿರುತ್ತವೆ. ನಮ್ಮ ಪಟ್ಟಿಯಲ್ಲಿ ಮೂವತ್ತೆಂಟು ಜನರ ಹೆಸರಿದೆ. ಹದಿನಾಲ್ಕು ಮಕ್ಕಳು, ಅರವತ್ತು ದಾಟಿದವರು ಒಂಬತ್ತು ಮಂದಿ, ಈಜು ಬಲ್ಲವರು ಬೆರಳೆಣಿಕೆಯಷ್ಟು. ಮಕ್ಕಳ ಅಳತೆಯ ಲೈಫ್ ಜಾಕೆಟ್ಟು ದೊರೆಯುತ್ತದೆಯೇ ಎಂದು ಯಾರಾದರೂ ವಿಚಾರಿಸಿದ್ದೀರಾ? ನಾನು ಕಾರ್ಯದರ್ಶಿಗಳನ್ನು ಕೇಳಿದೆ. “ಅದೆಲ್ಲ ಅಲ್ಲಿ ಹೋದ ಮೇಲೆ ನೋಡಿಕೊಂಡರಾಯಿತು” ಎಂದರು. ಊಟದ ಪಟ್ಟಿಯಲ್ಲಿ ಹೋಳಿಗೆಗೆ ತುಪ್ಪವೋ ಹಾಲೋ ಎಂಬುದು ಮಾತ್ರ ಈಗಲೇ ನಿರ್ಧಾರವಾಗಿದೆ!

“ಹಾಗಾದರೆ ಮಕ್ಕಳಿಗೆ ಏನೂ ತೋರಿಸುವುದು ಬೇಡವೇ?” ಎಂದು ನಮ್ಮ ಮಹಿಳಾ ವಿಭಾಗದ ಅಕ್ಕನವರು ಮೊನ್ನೆ ಕೇಳಿದರು. ಕೇಳಬೇಕಾದ ಪ್ರಶ್ನೆ. ಮಕ್ಕಳು ಟೀವಿಯಲ್ಲಿ ಎಷ್ಟೋ ಡಾಲ್ಫಿನ್ ನೋಡಿದ್ದಾರೆ. ಬಳೆಯೊಳಗಿಂದ ಹಾರುವುದು, ಚೆಂಡು ತಳ್ಳುವುದು. ಅದನ್ನೇ ನಿರೀಕ್ಷಿಸಿ ದೋಣಿ ಹತ್ತುತ್ತಾರೆ, ಕರಿಯ ಬೆನ್ನು ಕಂಡು ಇಷ್ಟೇನೇ ಎನ್ನುತ್ತಾರೆ. ಅವರಿಗೆ ತೋರಿಸಬೇಕಾದದ್ದು ಬೇರೆ. ಅಳಿವೆಯೆಂದರೇನು ಎಂಬುದನ್ನು ತೋರಿಸಿ. ದೇವಬಾಗದಲ್ಲಿ ಕಾಳಿ ನದಿಯ ಸಿಹಿನೀರು ಕಡಲಿಗೆ ಸೇರುವ ಜಾಗದಲ್ಲಿ ಬಣ್ಣ ಹೇಗೆ ಬೇರೆಯಾಗುತ್ತದೆ, ಉಬ್ಬರವಿಳಿತ ಹೇಗೆ ಬರುತ್ತದೆ, ಬಂಗುಡೆ ಯಾವುದು, ತಾರ್ಲಿ ಯಾವುದು, ದಡಕ್ಕೆ ಎಳೆಯುವ ಬಲೆಯನ್ನು ಎಷ್ಟು ಜನ ಹಿಡಿಯುತ್ತಾರೆ. ಈ ಒಂದೊಂದು ಮಾತೂ ನಮ್ಮ ಮಕ್ಕಳಿಗೆ ಹೊಸ ಕನ್ನಡ. ಇಲ್ಲಿ ತೆಲುಗು, ಹಿಂದಿ, ಇಂಗ್ಲಿಷುಗಳ ನಡುವೆ ಅವರ ಕನ್ನಡ ಅಡುಗೆಮನೆಯಷ್ಟಕ್ಕೆ ಕುಗ್ಗಿದೆ; ಅಳಿವೆ, ಉಬ್ಬರ, ನೊರೆ ಎಂಬ ಮಾತುಗಳಿಗೆ ಕಾಚಿಗುಡದಲ್ಲಿ ಎಲ್ಲಿ ಜಾಗ?

ಡಾಲ್ಫಿನ್ ಬೇಕೇ ಬೇಕೆಂದರೆ ದಡದಿಂದಲೇ ನೋಡಬಹುದು. ದಡಕ್ಕೆ ಅಂಟಿ ಬದುಕುವ ಪ್ರಾಣಿಯೆಂದು ಮೇಲೆ ಹೇಳಿದೆನಲ್ಲ. ಬೆಳಗಿನ ಹೊತ್ತು, ಗಾಳಿ ಏಳುವ ಮುಂಚೆ, ಎತ್ತರದ ಜಾಗದಲ್ಲಿ ಒಂದೆರಡು ತಾಸು ಸುಮ್ಮನೆ ಕೂರುವ ತಾಳ್ಮೆ ಬೇಕು. ಕಂಡರೆ ಕಂಡಿತು. ಕಾಣದಿದ್ದರೆ ಹಣ ವಾಪಸು ಕೇಳುವ ಪ್ರಸಂಗವಿಲ್ಲ, ಕೊಟ್ಟೇ ಇಲ್ಲವಲ್ಲ! ಯಾರ ಹತ್ತಿರವಾದರೂ ದುರ್ಬೀನಿದ್ದರೆ ತನ್ನಿ.

ದೋಣಿಯೂ ಬೇಕೆಂದರೆ, ಕಾಳಿ ನದಿಯಲ್ಲಿ ಮೇಲಕ್ಕೆ ಹೋಗೋಣ. ಇಪ್ಪತ್ತರ ಹರೆಯದ ರವೀಂದ್ರನಾಥ ಠಾಕೂರರು, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು, ಬೆಳದಿಂಗಳಲ್ಲಿ ಇದೇ ನದಿಯ ಮೇಲೆ ದೋಣಿಯಲ್ಲಿ ಹೋಗಿಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರಿಗೆ ಯಾರೂ ಏನನ್ನೂ ಕಾಣಿಸುತ್ತೇನೆಂದು ಭಾಷೆ ಕೊಟ್ಟಿರಲಿಲ್ಲ. ಕಾರವಾರದ ಕಡಲತೀರಕ್ಕೆ ಈಗ ಅವರ ಹೆಸರೇ ಇದೆ.

ಇಷ್ಟಾದರೂ ಸಮಿತಿಯವರು ಕಡಲಿನ ದೋಣಿಯೇ ಆಗಬೇಕೆಂದು ಹಟ ಹಿಡಿದರೆ, ಒಪ್ಪಂದದ ಮಾತನ್ನು ತಿರುಗಿಸಿ ಬರೆಯಿರಿ. ಕಾಣಲಿ ಬಿಡಲಿ, ಪೂರ್ತಿ ಹಣ ಮೊದಲೇ ಕೊಡುತ್ತೇವೆ. ಪ್ರಾಣಿ ಕಂಡ ಕೂಡಲೇ ಮೋಟಾರು ನಿಧಾನ ಮಾಡಬೇಕು, 50 ಮೀಟರಿಗಿಂತ ಹತ್ತಿರ ಹೋಗಬಾರದು, ಅಡ್ಡಗಟ್ಟಬಾರದು, ಮರಿಯಿದ್ದರೆ ತಿರುಗಿ ಬರಬೇಕು, ಆಗಲೇ ಎರಡು ಮೂರು ದೋಣಿಗಳಿದ್ದರೆ ಅತ್ತ ಹೋಗಲೇಕೂಡದು. ಇದೇನೂ ನಾನು ಕನಸಿನಲ್ಲಿ ಕಂಡದ್ದಲ್ಲ. ಆಸ್ಟ್ರೇಲಿಯದಲ್ಲಿ ಹೆಚ್ಚುಕಡಿಮೆ ಇಂಥವೇ ನಿಯಮಗಳಿವೆ. ಹತ್ತುವ ಮುಂಚೆ ಪ್ರತಿ ಮಗುವಿಗೂ ಅಳತೆಗೆ ಸರಿಯಾದ ಜಾಕೆಟ್ಟು ತೊಡಿಸಿರಬೇಕು. ಒಪ್ಪುವ ದೋಣಿಯವನು ಸಿಕ್ಕೇ ಸಿಗುತ್ತಾನೆ. ಡೀಸೆಲೂ ಉಳಿದು ಕೂಲಿಯೂ ಖಾತ್ರಿಯಾದರೆ ಬೇಡವೆನ್ನುವವನು ಯಾರು?

ಮುಂಗಡ ಹಣ ಇನ್ನೂ ಕಳಿಸಿಲ್ಲವೆಂದು ಖಜಾಂಚಿಗಳು ತಿಳಿಸಿದ್ದಾರೆ. ಬರುವ ಭಾನುವಾರ ಸಂಜೆ ಐದಕ್ಕೆ ಸಮಿತಿಯ ಸಭೆಯಿದೆ, ಸದಸ್ಯರೆಲ್ಲರಿಗೂ ಪ್ರವೇಶವುಂಟು. ನಾಲ್ಕನೆಯ ದಿನದ ಆ ಸಾಲಿನ ಬಗ್ಗೆ ಲಿಖಿತ ತಿದ್ದುಪಡಿಯನ್ನು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅನುಮೋದಕರೊಬ್ಬರು ಬೇಕಾಗಿದ್ದಾರೆ.